ಕೈಯಲ್ಲಿ ಹಿಡಿದ ನೀರು ಮತ್ತು ಹೆಸರುಕಾಳು

ಪ್ರಶ್ನೆ: ನಮ್ಮ ಸೋದರಮಾವ ಕಾಯಿಲೆಯವರಿಗೆ ನೀರು ಮಂತ್ರಿಸಿ ಕೊಡುತ್ತಾರೆ. ಅವರು ಹತ್ತು ನಿಮಿಷ ಕೈಯಲ್ಲಿ ಹಿಡಿದು ಸಂಕಲ್ಪಿಸಿದ ತಂಬಿಗೆಯ ನೀರಿನಲ್ಲಿ 20 ಹೆಸರುಕಾಳು, ಬರಿಯ ನಳದ ನೀರಿನಲ್ಲಿ 20 ಕಾಳು ನೆನೆಹಾಕಿದೆ. ಮೂರನೆಯ ದಿನ ಮೊದಲನೆಯ ವಾಟಿಯಲ್ಲಿ 17, ಎರಡನೆಯದರಲ್ಲಿ 13 ಮೊಳೆತಿದ್ದವು. ಇದು ಸಂಕಲ್ಪದ ಶಕ್ತಿಯೇ? ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆಯೇ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ತಾವು ಕಾಳುಗಳನ್ನು ಎಣಿಸಿ ಬರೆದಿದ್ದೀರಿ, ಇಂಥ ಪತ್ರ ಬರೆಯುವವರಲ್ಲಿ ಹೆಚ್ಚಿನವರು ಅಷ್ಟನ್ನೂ ಮಾಡುವುದಿಲ್ಲ. ಆದರೆ ನೂರಕ್ಕೆ 75ರಂತೆ ಮೊಳೆಯುವ ಒಂದೇ ರಾಶಿಯ ಕಾಳನ್ನು ಒಂದೇ ನೀರಿನಲ್ಲಿ ಇಪ್ಪತ್ತಿಪ್ಪತ್ತರಂತೆ ಎರಡು ವಾಟಿಗೆ ಹಾಕಿದರೂ, ಸುಮಾರು ಐದು ಸಲಕ್ಕೊಮ್ಮೆ ನಾಲ್ಕೋ ಅದಕ್ಕಿಂತ ಹೆಚ್ಚೋ ಕಾಳುಗಳ ಅಂತರ ತಾನಾಗಿಯೇ ಬೀಳುತ್ತದೆ. ಹೆಸರಿನಲ್ಲಂತೂ ಸಿಪ್ಪೆ ಬಿರುಸಾಗಿ ನೀರನ್ನೇ ಹೀರದ ಗಟ್ಟಿಕಾಳುಗಳಿರುತ್ತವೆ; ಮೊಳಕೆಕಾಳು ತಿನ್ನುವಾಗ ಹಲ್ಲಿಗೆ ಕಲ್ಲಿನಂತೆ ಸಿಗುವವು ಇವೇ. ಅಂಥ ಮೂರ್ನಾಲ್ಕು ಒಂದೇ ವಾಟಿಗೆ ಬಿದ್ದರೆ ಸಾಕು. ಜೊತೆಗೆ, ಹತ್ತು ನಿಮಿಷ ಅಂಗೈಯಲ್ಲಿದ್ದ ನೀರು ನಳದ ನೀರಿಗಿಂತ ಬೆಚ್ಚಗಿರುತ್ತದೆ, ಮೊಳಕೆಗೆ ಶಾಖ ಬೇಕು.

1960ರ ದಶಕದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ರಾಡ್ ಅವರು, ಆಸ್ಕರ್ ಎಸ್ಟೆಬಾನಿ ಎಂಬ ಚಿಕಿತ್ಸಕರು ಕೈಯಲ್ಲಿ ಹಿಡಿದ ಉಪ್ಪುನೀರನ್ನು ಬಾರ್ಲಿ ಬೀಜಗಳಿಗೆ ಹಾಕಿ, ಆ ಸಸಿಗಳು ಚೆನ್ನಾಗಿ ಬೆಳೆದವೆಂದು ವರದಿ ಮಾಡಿದ್ದರು. ಬೀಜದ ಗೊಡವೆಯೇ ಇಲ್ಲದೆ ಸಂಕಲ್ಪವನ್ನಷ್ಟೇ ನೋಡುವ ಪರೀಕ್ಷೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆಯಿತು: ರಾಬರ್ಟ್ ಜಾನ್ ಅವರು 1979ರಲ್ಲಿ ಆರಂಭಿಸಿದ ಪ್ರಯೋಗಾಲಯದಲ್ಲಿ, ಯಾದೃಚ್ಛಿಕ, ಅಂದರೆ ಯಾವ ಕ್ರಮವೂ ಇಲ್ಲದ, ಅಂಕಿಗಳನ್ನು ಹೊರಹಾಕುವ ಯಂತ್ರದ ಮುಂದೆ ಜನರನ್ನು ಕೂರಿಸಿ, ಅಂಕಿ ಏರಲಿ ಅಥವಾ ಇಳಿಯಲಿ ಎಂದು ಮನಸ್ಸಿನಲ್ಲೇ ಬಯಸಲು ಹೇಳುತ್ತಿದ್ದರು. ಅತಿ ಸೂಕ್ಷ್ಮವಾದ ಪರಿಣಾಮ ಕಂಡಿತೆಂದು ಅವರು ಹೇಳಿದರು. ಆದರೆ ಅದೇ ಪ್ರಯೋಗವನ್ನು ಜರ್ಮನಿಯ ಎರಡು ಪ್ರಯೋಗಾಲಯಗಳ ಜೊತೆಗೂಡಿ ಮತ್ತೆ ಮಾಡಿದಾಗ ಆ ಮುಖ್ಯ ಪರಿಣಾಮ ಮರಳಿ ಸಿಗಲಿಲ್ಲವೆಂದು 2000ದಲ್ಲಿ ಪ್ರಕಟವಾಯಿತು. ಪ್ರಯೋಗಾಲಯ 2007ರಲ್ಲಿ ಮುಚ್ಚಿತು. ನನ್ನ ಮಟ್ಟಿಗೆ ಆ ಮರುಪರೀಕ್ಷೆಯೇ ತಮ್ಮ ಪ್ರಶ್ನೆಗೆ ಹೆಚ್ಚು ತೂಕದ ಉತ್ತರ.

ತಾವು ಮತ್ತೊಮ್ಮೆ ಮಾಡುವುದಾದರೆ, ಬೀಜ ಪರೀಕ್ಷಾ ಕೇಂದ್ರಗಳಲ್ಲಿರುವಂತೆ ನೂರರಂತೆ ನಾಲ್ಕು ಭಾಗ, ಅಂದರೆ ಒಂದೊಂದು ನೀರಿಗೂ 400 ಕಾಳು ಇಡಿ. ಎರಡೂ ಸೇರಿ 800 ಕಾಳು ಸುಮಾರು 30 ಗ್ರಾಂ ಅಷ್ಟೇ. ಇನ್ನೊಂದು ತಂಬಿಗೆಯನ್ನು ಏನನ್ನೂ ಸಂಕಲ್ಪಿಸದ ಬೇರೊಬ್ಬರು ಅಷ್ಟೇ ಹೊತ್ತು ಹಿಡಿದಿರಲಿ. ವಾಟಿಗಳಿಗೆ ಮೂರನೆಯವರು ಅಂಕಿ ಹಾಕಿ, ಯಾವುದು ಯಾರ ನೀರೆಂಬ ಚೀಟಿಯನ್ನು ಮಡಿಚಿಟ್ಟುಕೊಳ್ಳಲಿ. ಎಷ್ಟು ಉದ್ದದ ಬೇರು ಬಂದರೆ ಮೊಳೆತಂತೆ ಎಂಬುದನ್ನು ಮೊದಲೇ ಬರೆದಿಡಿ. ಎಣಿಕೆ ಮುಗಿದ ಮೇಲಷ್ಟೇ, ಸೋದರಮಾವನವರ ಎದುರಿಗೇ, ಚೀಟಿ ಬಿಚ್ಚಿ.