ನಮ್ಮ ಕಡೆಯವರಿಗೆ ಸರ್ಕಾರದ ಜೊತೆ ಇಷ್ಟೊಂದು ಜಗಳ ಯಾಕೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಸಿಟ್ಟೇನೂ ಬರಲಿಲ್ಲ ಬಿಡಿ. ಹುಬ್ಬಳ್ಳಿಗೆ ಬಂದು ವರ್ಷವೂ ಆಗಿಲ್ಲ, ಅಷ್ಟರಲ್ಲೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ಎಲ್ಲದಕ್ಕೂ ಸರ್ಕಾರವೇ ಬೇಕು ಅಂತೀರಿ, ಮತ್ತೆ ಅದೇ ಸರ್ಕಾರದ ಮೇಲೆ ಸಿಟ್ಟಾಗಿ ರಸ್ತೆಗೆ ಇಳಿಯುತ್ತೀರಿ, ಇದೇನು ಲೆಕ್ಕ ಅಂತ ಕೇಳಿದ್ದೀರಿ. ಲೆಕ್ಕ ಇದೆ. ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಅಷ್ಟೇ.

ನಾನು ಗದಗ ಜಿಲ್ಲೆಯ ಮುಂಡರಗಿ ಕಡೆಯವನು. ನಮ್ಮ ತಾಲ್ಲೂಕು ದಾಟಿದರೆ ಕೊಪ್ಪಳ ಜಿಲ್ಲೆ. ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಈಗ ನೋಡಿದರೆ ಎಲ್ಲಾ ಒಂದೇ ರಾಜ್ಯ, ಅದೇ ಕನ್ನಡ, ಅದೇ ಜೋಳದ ರೊಟ್ಟಿ. 1947ರಲ್ಲಿ ಹೀಗಿರಲಿಲ್ಲ. ಗದಗ, ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕೊಪ್ಪಳ ನಿಜಾಮರ ಹೈದರಾಬಾದಿಗೆ. ಹಡಗಲಿ ಮದರಾಸಿಗೆ. ಈ ಕಡೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನ, ಕುಂದಗೋಳ ಜಮಖಂಡಿಯವರದು, ಸವಣೂರಿಗೆ ತನ್ನದೇ ನವಾಬರು. ರಾಣೆಬೆನ್ನೂರು ಮುಂಬಯಿ ಆದರೆ ಹೊಳೆಯ ಆಚೆ ದಂಡೆಯ ಹರಿಹರ ಮೈಸೂರು. ಬಂಡಿ ಕಟ್ಟಿಕೊಂಡು ಬೀಗರ ಊರಿಗೆ ಹೊರಟವರು ದಾರಿಯಲ್ಲಿ ಎರಡು ಮೂರು ಸರ್ಕಾರ ದಾಟಿ ಹೋಗುತ್ತಿದ್ದರು. ಗಡಿನಾಡು ಅಂದರೆ ನೀವು ಬೆಳಗಾವಿಯನ್ನೇ ನೆನೆಸಿಕೊಳ್ಳುತ್ತೀರಿ ಅಲ್ವಾ? ನಮಗೆ ಗಡಿ ಅನ್ನೋದು ಹೊಲದ ಬದುವಿನ ಹತ್ತಿರವೇ ಇತ್ತು.

ಹೀಗಾಗಿ ನಮ್ಮ ಹಿರಿಯರಿಗೆ ಒಂದು ಮಾತು ಯಾರೂ ಕಲಿಸದೆ ಗೊತ್ತಿತ್ತು. ಊರು ಅದೇ, ಮಣ್ಣು ಅದೇ, ಜನ ಅದೇ, ಆದರೆ ಸರ್ಕಾರ ಬೇರೆಯಾದರೆ ಬದುಕೂ ಬೇರೆ. ಗದಗಿನ ಹುಡುಗನಿಗೆ ಕನ್ನಡ ಶಾಲೆ ಇತ್ತು. ಹತ್ತಿರದ ಕೊಪ್ಪಳದ ಹುಡುಗ ಮುಂದೆ ಓದಬೇಕು ಅಂದರೆ ಉರ್ದು ಕಲಿಯಬೇಕಿತ್ತು. 1947ರ ಆಗಸ್ಟಿನಲ್ಲಿ ನಮ್ಮ ಕಡೆ ಬಾವುಟ ಹಾರಿತು, ಆ ಕಡೆ ಹಾರಲಿಲ್ಲ. ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ವಿರುದ್ಧ ಹೋರಾಡುವವರು ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಶಿಬಿರ ಹಾಕಿಕೊಂಡು ಗಡಿ ದಾಟಿ ಹೋಗಿ ಬರುತ್ತಿದ್ದರು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂದಾಳು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ನಾವೆಲ್ಲಾ ಒಂದಾದೆವು. ಅದೂ ಸುಮ್ನೆ ಆಗಲಿಲ್ಲ. ಅದಕ್ಕಾಗಿ 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತಿದ್ದರು, ಹುಬ್ಬಳ್ಳಿಯಲ್ಲಿ ದೊಡ್ಡ ಗಲಾಟೆಯೇ ಆಗಿತ್ತು.

ಗೆರೆ ಅಳಿಸಿತು ಅಂದುಕೊಂಡಿರಾ? ಇಲ್ಲ. ಸಂವಿಧಾನದ 371(ಜೆ) ವಿಧಿ ಬಂದಿದೆ ನೋಡಿ. 98ನೇ ತಿದ್ದುಪಡಿ, 2013ರಿಂದ ಜಾರಿ. ಹಳೆಯ ನಿಜಾಮರ ಜಿಲ್ಲೆಗಳಿಗೆ, ಜೊತೆಗೆ ಬಳ್ಳಾರಿಗೆ, ನೌಕರಿಯಲ್ಲೂ ಕಾಲೇಜು ಸೀಟಿನಲ್ಲೂ ಮೀಸಲಾತಿ, ಅಭಿವೃದ್ಧಿಗೆ ಬೇರೆ ಮಂಡಳಿ. ಅವರಿಗೆ ಸಿಗಬೇಕಾದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ, ಆ ಜಿಲ್ಲೆಗಳು ನಿಜವಾಗಿಯೂ ಹಿಂದೆ ಬಿದ್ದಿದ್ದವು. ಆದರೆ ಮುಂಡರಗಿ ತಾಲ್ಲೂಕಿನ ಕೊನೆಯ ಹಳ್ಳಿಯ ಹುಡುಗಿ, ಪಕ್ಕದ ಕೊಪ್ಪಳದ ಹಳ್ಳಿಯ ಹುಡುಗಿ, ಇಬ್ಬರೂ ಎರೆಹೊಲದ ಒಣಬೇಸಾಯದ ಮನೆಯವರೇ, ಇಬ್ಬರ ಊರಿಗೂ ಬಸ್ಸು ಬಂದರೆ ಬಂತು ಇಲ್ಲಾಂದ್ರೆ ಇಲ್ಲ. ಒಬ್ಬಳಿಗೆ ಮೀಸಲಾತಿ ಇದೆ, ಇನ್ನೊಬ್ಬಳಿಗೆ ಇಲ್ಲ. ಕಾರಣ ಹುಡುಕುತ್ತಾ ಹೋದರೆ ಅಜ್ಜನ ಕಾಲದಲ್ಲಿ ಯಾರ ರಾಜ್ಯ ಎಲ್ಲಿಗೆ ಮುಗಿದಿತ್ತು ಅನ್ನೋದಕ್ಕೆ ಬಂದು ನಿಲ್ಲುತ್ತದೆ. 2002ರಲ್ಲಿ ನಂಜುಂಡಪ್ಪ ಸಮಿತಿ ತಾಲ್ಲೂಕು ತಾಲ್ಲೂಕೇ ಅಳೆದು ಹಿಂದುಳಿದವು 114 ಅಂತ ಪಟ್ಟಿ ಕೊಟ್ಟಿತ್ತು. ಆ ಲೆಕ್ಕ ನನಗೆ ಹೆಚ್ಚು ಸರಿ ಅನಿಸುತ್ತದೆ. ಬಡತನ ಹಳೆಯ ನಕಾಶೆ ನೋಡಿಕೊಂಡು ಬರೋದಿಲ್ಲವಲ್ಲ.

ಈಗ ನಿಮ್ಮ ಪ್ರಶ್ನೆಯ ಮೊದಲ ಅರ್ಧ. ಎಲ್ಲದಕ್ಕೂ ಸರ್ಕಾರ ಯಾಕೆ ಬೇಕು? ಮಾಡಿ ತೋರಿಸಿದೆ, ಅದಕ್ಕೇ. ಲಕ್ಷ್ಮೇಶ್ವರದಲ್ಲಿ ಸುಮಾರು 1300 ವರ್ಷ ಹಳೆಯ ಒಂದು ಶಾಸನ ಇದೆ. ಆಗ ಊರಿನ ಹೆಸರು ಪುಲಿಗೆರೆ. ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಊರಿನ ಮಹಾಜನರಿಗೆ, ಬೇರೆ ಬೇರೆ ಕಸುಬಿನ ಜನರಿಗೆ ಬರೆಸಿಕೊಟ್ಟದ್ದು. ರಾಜನ ಅಧಿಕಾರಿಗಳು ಏನು ಮಾಡಬೇಕು, ಊರಿನವರು ಏನು ಕೊಡಬೇಕು ಅಂತ ಎರಡೂ ಕಡೆಯ ಕಟ್ಟಳೆ ಅದರಲ್ಲಿದೆ. ಬರೀ ತೆರಿಗೆಯ ಪಟ್ಟಿ ಅಲ್ಲ, ಒಪ್ಪಂದ. ನಮ್ಮ ಜಗಳದ ಬೇರು ಅಲ್ಲೇ ಇದೆ ಅಂತ ನಾನು ತಮಾಷೆಗೆ ಹೇಳುತ್ತಿರುತ್ತೇನೆ.

ಶಾಲೆಯ ಕಥೆ ತಗೊಳ್ಳಿ. ಬ್ರಿಟಿಷರ ಕಾಲದಲ್ಲಿ ಮೊದಮೊದಲು ಧಾರವಾಡದ ಕಡೆ ಆಡಳಿತಕ್ಕೂ ಶಾಲೆಗೂ ಮರಾಠಿಯೇ ಹೆಚ್ಚು. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಶಾಲೆಯಲ್ಲಿ ಮರಾಠಿ ಓದುತ್ತಿದ್ದರು. ಅದನ್ನು ತಿರುಗಿಸಲು ದುಡಿದವರಲ್ಲಿ ಮೊದಲ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ಅವರು ಹೊರಗೆ ನಿಂತು ಘೋಷಣೆ ಕೂಗಿದವರಲ್ಲ, ಸರ್ಕಾರದ ಶಿಕ್ಷಣ ಇಲಾಖೆಯೊಳಗೇ ಅಧಿಕಾರಿ. ಆಮೇಲೆ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, ಅದು ಜನರ ಕೆಲಸ. ಒಳಗಿನವರು, ಹೊರಗಿನವರು ಇಬ್ಬರೂ ಎಳೆದಿದ್ದಕ್ಕೇ ಬಂಡಿ ಮುಂದೆ ಹೋಯಿತು.

ಗದಗಿನ ಪಕ್ಕ ಕಣಗಿನಹಾಳ ಅಂತ ಹಳ್ಳಿ ಇದೆ. ಹೋಗಿ ನೋಡಿ, ದೂರವೇನಿಲ್ಲ. 1904ರಲ್ಲಿ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ರೈತರನ್ನು ಸೇರಿಸಿ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಗೆ ಅದೇ ಮೊದಲು ಅಂತ ಎಲ್ಲಾ ಕಡೆ ಹೇಳುತ್ತಾರೆ. ಕಾಯ್ದೆ ಸರ್ಕಾರದ್ದು, ನಂಬಿಕೆ ಊರಿನದು. ಬಡ್ಡಿಗೆ ಕೊಡುವ ಸಾವಕಾರನ ಮನೆ ಬಾಗಿಲು ಬಿಟ್ಟು ಬೇರೆ ಬಾಗಿಲು ಇದೆ ಅಂತ ರೈತನಿಗೆ ಗೊತ್ತಾಗಿದ್ದು ಹೀಗೆ. ರೈಲು ಕೂಡ ಹಾಗೇ. 1876ರಿಂದ 78ರ ದೊಡ್ಡ ಬರದಲ್ಲಿ ಕಾಳು ಸಾಗಿಸೋಕೆ ದಾರಿ ಇಲ್ಲದೆ ಜನ ಸತ್ತರು, ಆಮೇಲೆ ಸದರ್ನ್ ಮರಾಠಾ ರೈಲ್ವೆ ಬಂತು. ಬ್ರಿಟಿಷರಿಗೆ ಹತ್ತಿ ಸಾಗಿಸುವ ಆಸೆಯೂ ಇತ್ತು ಅನ್ನೋದು ಬೇರೆ ಮಾತು.

ಇನ್ನರ್ಧ, ಜಗಳ. ಅದಕ್ಕೆ ನರಗುಂದಕ್ಕೆ ಬರಬೇಕು.

ನರಗುಂದದ ಅರಸ ಭಾಸ್ಕರರಾವ್, ಬಾಬಾಸಾಹೇಬ ಅಂತ ಕರೆಯುತ್ತಿದ್ದರು. ದತ್ತು ತಗೊಳ್ಳೋಕೆ ಬ್ರಿಟಿಷರು ಒಪ್ಪಲಿಲ್ಲ, ಮೇಲಿಂದ ಆಯುಧ ಒಪ್ಪಿಸಿ ಅಂದರು. 1858ರಲ್ಲಿ ಅವರು ದಂಗೆ ಎದ್ದರು, ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಾಯಿತು. ಅದು ಅರಸನ ಜಗಳ. ಅದೇ ಊರಿನಲ್ಲಿ 1980ರಲ್ಲಿ ಆದದ್ದು ರೈತರ ಜಗಳ, ನನ್ನ ಮಟ್ಟಿಗೆ ಅದೇ ಹೆಚ್ಚು ದೊಡ್ಡದು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು, ಕಾಲುವೆ ತೋಡಿದರು. ಧಾರವಾಡದ ಸಂಶೋಧನಾ ಕೇಂದ್ರದಲ್ಲೇ ತಯಾರಾದ ವರಲಕ್ಷ್ಮಿ ಹತ್ತಿ ಬಂದಿತ್ತು. ನೀರು, ಬೀಜ ಎರಡೂ ಸರ್ಕಾರದ್ದೇ, ರೈತ ನಂಬಿ ಸಾಲ ಮಾಡಿದ. ಆಮೇಲೆ ಹತ್ತಿಯ ದರ ಬಿತ್ತು. ಕೆಲವರ ಹೊಲಕ್ಕೆ ನೀರು ಮುಟ್ಟಲೇ ಇಲ್ಲ, ಕೆಲವರ ಹೊಲದಲ್ಲಿ ನೀರು ನಿಂತು ಎರೆಮಣ್ಣು ಕೆಟ್ಟಿತು. ಆದರೆ ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿದೆ, ಬೆಟರ್‌ಮೆಂಟ್ ಲೆವಿ ಕಟ್ಟಿ ಅಂತ ನೋಟಿಸು ಮಾತ್ರ ಎಲ್ಲರಿಗೂ ಬಂತು. ಜುಲೈ 21ಕ್ಕೆ ನರಗುಂದ, ನವಲಗುಂದ ಎರಡೂ ಕಡೆ ರೈತರು ತಹಶೀಲ್ದಾರ್ ಕಚೇರಿಗೆ ಬಂದರು, ಗೋಲಿಬಾರ್ ಆಯಿತು. ರೈತರು ಸತ್ತರು, ಪೊಲೀಸರೂ ಸತ್ತರು. ಅಲ್ಲಿಂದ ಎದ್ದ ಬೆಂಕಿಯಲ್ಲೇ ರಾಜ್ಯ ರೈತ ಸಂಘ ಹುಟ್ಟಿತು, ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರ 1983ರಲ್ಲಿ ಸೋತಿತು. ಗಮನಿಸಿ, ಆ ರೈತರು ಕಾಲುವೆ ಬೇಡ ಅನ್ನಲಿಲ್ಲ. ನೀರು ಕೊಟ್ಟು ದುಡ್ಡು ಕೇಳಿ ಅಂದರು.

ಹಾವೇರಿಯಲ್ಲೂ ಇದೇ ಆಯಿತು. 2008ರ ಜೂನಿನಲ್ಲಿ ಮಳೆ ಹದವಾಗಿ ಬಿದ್ದಿತ್ತು, ಬಿತ್ತನೆ ಕಾಯೋದಿಲ್ಲ, ಗೊಬ್ಬರ ಸಿಗಲಿಲ್ಲ. ಗೊಬ್ಬರ ಕೇಳಲು ಸೇರಿದ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. 2024ರ ಮಾರ್ಚಿನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿದ್ದಾಗ ಮಾರುಕಟ್ಟೆ ಸಮಿತಿಯ ಕಚೇರಿಗೇ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳಲ್ಲ. ಆದರೆ ವ್ಯಾಪಾರಿಗಳ ಅಂಗಡಿಗಿಂತ ಮೊದಲು ಆ ಕಚೇರಿಯ ಕಡೆ ಯಾಕೆ ತಿರುಗಿದರು ಅಂತ ಯೋಚಿಸಿ.

ದೂರದ ಮಾತೂ ಇದೆ. ಒಂದು ಹೊಲದ ದಾವೆ ಹೈಕೋರ್ಟಿಗೆ ಹೋದರೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿತ್ತು. ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಗದಗ, ಹಾವೇರಿ ಬೇರೆ ಜಿಲ್ಲೆ ಆಗಿದ್ದೂ 1997ರಲ್ಲಿ, ಅಲ್ಲಿಯವರೆಗೆ ಜಿಲ್ಲಾಧಿಕಾರಿಯನ್ನು ನೋಡಲು ರಾಣೆಬೆನ್ನೂರಿನವರೂ ಧಾರವಾಡಕ್ಕೇ ಬರಬೇಕಿತ್ತು. ಹೈದರಾಬಾದಾಗಲಿ, ಮುಂಬಯಿಯಾಗಲಿ, ಸಾಂಗ್ಲಿಯಾಗಲಿ, ನಮ್ಮ ಮಟ್ಟಿಗೆ ಸರ್ಕಾರ ಯಾವಾಗಲೂ ಬೇರೆ ಎಲ್ಲೋ ಇತ್ತು.

ಮೇಲಿನವರು ಒಂದು ಸಾಲು ತಿದ್ದಿದರೆ ಇಲ್ಲಿ ಏನಾಗುತ್ತೆ ಅಂತ ನೋಡಬೇಕಾದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ. ರಾಷ್ಟ್ರಧ್ವಜ ತಯಾರಾಗುವ ಖಾದಿ ಕೇಂದ್ರ ಅಲ್ಲಿದೆ, ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. 2021ರ ಕೊನೆಗೆ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಮರುವರ್ಷ ದೇಶದ ಮನೆಮನೆಗೂ ಬಾವುಟ, ಬೆಂಗೇರಿಯವರಿಗೆ ಮಾತ್ರ ಬೇಡಿಕೆ ಕುಸಿದ ಚಿಂತೆ.

ಕೊನೆಗೆ ಮಹದಾಯಿ, ಗೋವಾದ ಕಡೆ ಹರಿಯುವ ನದಿ, ನೀವು ಬಂದಾಗಿನಿಂದ ಕೇಳುತ್ತಿರುವ ಹೆಸರು. ನಳದ ನೀರು ದಿನಗಟ್ಟಲೆ ಬಿಟ್ಟು ಬರುತ್ತದೆ ಅಂತ ನೀವೇ ಬೈದುಕೊಂಡಿದ್ದೀರಿ, ಹುಬ್ಬಳ್ಳಿ-ಧಾರವಾಡ ಆ ನೀರಿಗೆ ನೆಚ್ಚಿಕೊಂಡಿರೋದು ಮಲಪ್ರಭೆಯನ್ನೇ. ಆ ಮಲಪ್ರಭೆಗೆ ಮಹದಾಯಿ ಸೇರುವ ಕಳಸಾ-ಬಂಡೂರಿ ಹಳ್ಳಗಳಿಂದ ನೀರು ತಿರುಗಿಸಬೇಕು ಅನ್ನೋದು ಬೇಡಿಕೆ. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು, ವರ್ಷಗಟ್ಟಲೆ ಏಳಲಿಲ್ಲ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಹೇಳಿತು, 2020ರಲ್ಲಿ ಕೇಂದ್ರ ಅಧಿಸೂಚನೆಯನ್ನೂ ಹೊರಡಿಸಿತು. ಗೋವಾ ಒಪ್ಪುತ್ತಿಲ್ಲ, ಕಾಡು ಹಾಳಾಗುತ್ತದೆ ಅನ್ನುವ ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ, ವನ್ಯಜೀವಿ ಅನುಮತಿಯ ಕಡತ ದೆಹಲಿಯಲ್ಲಿ ತಿರುಗಾಡುತ್ತಲೇ ಇತ್ತು. ಅನುಮತಿ ಕೊಡೋದು ಸರ್ಕಾರ, ತಡೆಯೋದು ಸರ್ಕಾರ, ಕೋರ್ಟಿಗೆ ಹೋಗೋದೂ ಸರ್ಕಾರ. ನಾವು ಜಗಳ ಆಡೋದು ಇನ್ಯಾರ ಜೊತೆ, ನೀವೇ ಹೇಳಿ.