ಬ್ಯಾಂಕು, ಬೆಂಚು ಮತ್ತು ನಮ್ಮ ಕಟ್ಟೆ

ಪ್ರಶ್ನೆ: ಹೊಳೆಯ ದಂಡೆಗೂ ಹಣ ಇಡುವ ಸಂಸ್ಥೆಗೂ ಇಂಗ್ಲಿಷಿನಲ್ಲಿ ‘ಬ್ಯಾಂಕ್’ ಎಂಬ ಒಂದೇ ಶಬ್ದವಿದೆ. ದಂಡೆಯು ನೀರನ್ನು ಹಿಡಿದಿಡುವಂತೆ ಬ್ಯಾಂಕು ಹಣವನ್ನು ಹಿಡಿದಿಡುವುದರಿಂದ ಈ ಹೆಸರು ಬಂತೆಂದು ನಮ್ಮ ಮಾಸ್ಟ್ರು ಹೇಳುತ್ತಿದ್ದರು. ಇದು ಸರಿಯೇ?
— ಓದುಗರು, ಕಲ್ಯಾಣಪುರ

ಉತ್ತರ: ಸ್ವರ್ಣಾ ನದಿಯ ದಂಡೆಯಲ್ಲಿರುವ ನಿಮಗೆ ಈ ಹೋಲಿಕೆ ಹಿಡಿಸಿದ್ದು ಸಹಜವೇ, ಆದರೆ ಶಬ್ದ ನಡೆದು ಬಂದ ದಾರಿ ಅದಲ್ಲ. ಎರಡೂ ಹಳೆಯ ಜರ್ಮಾನಿಕ್ ಭಾಷೆಗಳ ಒಂದೇ ಬೇರಿನಿಂದ ಹೊರಟವು. ದಿಬ್ಬ, ಕೂರುವ ಹಲಗೆ ಮುಂತಾದ ಅರ್ಥಗಳು ಆ ಬೇರಿಗೆ ಅಂಟಿಕೊಂಡಿದ್ದವು. ದಂಡೆ ಎಂಬ ಅರ್ಥದ ಶಬ್ದ ಸ್ಕ್ಯಾಂಡಿನೇವಿಯದ ಕಡೆಯಿಂದ ಇಂಗ್ಲಿಷಿಗೆ ಸೇರಿತು. ಇನ್ನೊಂದು ಸುತ್ತುದಾರಿ ಹಿಡಿದು ಇಟಲಿಗೆ ಹೋಯಿತು. ಅಲ್ಲಿನ ಪೇಟೆಗಳಲ್ಲಿ ನಾಣ್ಯ ಬದಲಿಸಿಕೊಡುವವರು ಮುಂದಿಟ್ಟುಕೊಳ್ಳುತ್ತಿದ್ದ ಮೇಜಿಗೆ ‘ಬಾಂಕಾ’ ಎಂಬ ಹೆಸರಾಗಿ, ಮೇಜಿನಿಂದ ವ್ಯವಹಾರಕ್ಕೂ ಹರಡಿ, 15ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷನ್ನು ತಲುಪಿತು. ಶಾಲೆಯ ಬೆಂಚು ಇವೆರಡರ ದಾಯಾದಿ. ‘ಬ್ಯಾಂಕ್‌ರಪ್ಟ್’ ಎಂಬುದರ ಮೂಲಾರ್ಥ ಮುರಿದ ಮೇಜು. ದಿವಾಳಿಯಾದವನ ಮೇಜನ್ನು ಜನ ನಿಜವಾಗಿಯೂ ಮುರಿಯುತ್ತಿದ್ದರೆಂಬ ಕತೆಯನ್ನು ಮಾತ್ರ ನಾನು ಅಷ್ಟಾಗಿ ನಂಬಲಾರೆ.

ಇಂಗ್ಲಿಷಿನ ಈ ವಿಚಿತ್ರ ನಮಗೆ ಹೊಸದೇನಲ್ಲ. ಹೊಳೆಗೆ ಅಡ್ಡವಾಗಿ ಹಾಕಿದ ಒಡ್ಡು ಆಣೆಕಟ್ಟೆ. ಮರದ ಬುಡದಲ್ಲಿ ಊರವರು ಕೂತು ಮಾತಾಡುವ ಜಗಲಿ ಅಶ್ವತ್ಥಕಟ್ಟೆ. ಎತ್ತರಿಸಿ ಕಟ್ಟಿದ್ದು ಎಂಬ ಒಂದೇ ಭಾವದಿಂದ ನೀರನ್ನು ತಡೆಯುವುದಕ್ಕೂ ಕೂರುವುದಕ್ಕೂ ನಮ್ಮವರು ಒಂದೇ ಮಾತನ್ನು ಬಳಸಿದರು. ಹಣದ ಲೇವಾದೇವಿ ಇಂಥ ಕಟ್ಟೆಗಳ ಮೇಲೆಯೇ ಬೆಳೆದಿದ್ದರೆ, 1906ರಲ್ಲಿ ಉಡುಪಿಯಲ್ಲೂ ಮಂಗಳೂರಿನಲ್ಲೂ ಹುಟ್ಟಿದ ಬ್ಯಾಂಕುಗಳನ್ನು ನಾವು ‘ಹಣಕಟ್ಟೆ’ ಎನ್ನುತ್ತಿದ್ದೆವೋ ಏನೋ. ಮಂಗಳೂರಿನ ಹಂಪನಕಟ್ಟೆಯಲ್ಲಿ ಬ್ಯಾಂಕಿನ ಬೋರ್ಡು ಕಂಡಾಗಲೆಲ್ಲ ನನಗೆ ಆ ಹೆಸರೇ ಮೊದಲು ಬಾಯಿಗೆ ಬರುತ್ತದೆ.

ಪ್ರಶ್ನೆ: ಹಾಗಾದರೆ ‘ಪಿಗ್ಮಿ’ ಠೇವಣಿಗೆ ಆ ಹೆಸರೇಕೆ?
— ಓದುಗರು, ಮಣಿಪಾಲ

ಉತ್ತರ: ಗ್ರೀಕಿನಲ್ಲಿ ‘ಪುಗ್ಮೆ’ ಎಂದರೆ ಮುಷ್ಟಿ, ಮೊಣಕೈಯಿಂದ ಬೆರಳ ಗೆಣ್ಣಿನವರೆಗಿನ ಅಳತೆಗೂ ಅದೇ ಹೆಸರು. ನಮ್ಮ ಮೊಳಕ್ಕಿಂತ ಅದು ತುಸು ಗಿಡ್ಡ. ಅಷ್ಟೇ ಎತ್ತರದ ಜನರಿದ್ದಾರೆಂದು ಗ್ರೀಕರು ಕಲ್ಪಿಸಿಕೊಂಡಿದ್ದರಿಂದ ಶಬ್ದಕ್ಕೆ ‘ಕುಳ್ಳ’ ಎಂಬ ಅರ್ಥವೂ, ಮುಂದೆ ‘ಪುಟ್ಟದು’ ಎಂಬ ಅರ್ಥವೂ ಬಂತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ 1928ರಲ್ಲಿ, ದಿನಕ್ಕೆ ಎರಡಾಣೆಯಂಥ ಪುಟ್ಟ ಮೊತ್ತವನ್ನು ಮನೆ, ಅಂಗಡಿಗಳ ಬಾಗಿಲಲ್ಲೇ ಸಂಗ್ರಹಿಸುವ ಯೋಜನೆಗೆ ಈ ಹೆಸರಿಟ್ಟಿತು. ನಮ್ಮ ಕಡೆ ‘ಪಿಗ್ಮಿಯವರು’ ಎಂದರೆ, ಆಳು ಎಷ್ಟೇ ಎತ್ತರವಿದ್ದರೂ, ಆ ಹಣ ಪಡೆಯಲು ಬರುವವರೇ.