ಬೀಗರು ಅಮೆರಿಕದವರಾದಾಗ

ಈ ಸಲ ನಮ್ಮ ಭಾಗದ ನಾಲ್ಕು ಊರುಗಳಿಂದ ಬಂದ ನಾಲ್ಕು ಪತ್ರಗಳು ಒಂದೇ ವಿಷಯವನ್ನು ಕುರಿತಿವೆ. ಅಮೆರಿಕದ ಜನರ ಬಗ್ಗೆ ನಾವು ದಿನನಿತ್ಯ ಆಡುವ ಮಾತುಗಳಲ್ಲಿ ನಿಜವೆಷ್ಟು ಎಂಬುದು ಎಲ್ಲರ ಪ್ರಶ್ನೆ. ಆದ್ದರಿಂದ ನಾಲ್ಕಕ್ಕೂ ಇಲ್ಲಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗ ಓಹಾಯೊ ರಾಜ್ಯದಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿಯ ಹುಡುಗಿಯೊಬ್ಬಳನ್ನು ಮೆಚ್ಚಿದ್ದಾನೆ, ನಾವೂ ಮನಸಾರೆ ಒಪ್ಪಿದ್ದೇವೆ. ಮದುವೆಗೆ ಹುಡುಗಿಯ ತಂದೆ-ತಾಯಿ ಬಂದು ಹತ್ತು ದಿನ ನಮ್ಮ ಮನೆಯಲ್ಲಿಯೇ ಇರುತ್ತಾರೆ. ಆದರೆ ನಮ್ಮ ಬಳಗದವರು, "ಮಕ್ಕಳಿಗೆ ಹದಿನೆಂಟು ತುಂಬಿತಂದ್ರ ಮನಿ ಬಿಟ್ಟು ಹೊರಗ ಹಾಕೋ ಮಂದಿ ಅವರು, ಮುಪ್ಪಾದ ತಂದಿ-ತಾಯಿನ್ನ ಆಶ್ರಮಕ್ಕ ಕಳಸ್ತಾರ, ಅಂಥವರ ಕೂಡ ಎಂಥಾ ಬೀಗತನ?" ಎನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?
ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ಅಕ್ಕನವರೇ, ನಿಮ್ಮ ಬಳಗದವರ ಮೊದಲನೆಯ ಮಾತು ನಿಜವಲ್ಲ. ಅಮೆರಿಕದಲ್ಲಿ 18ರಿಂದ 24 ವರ್ಷದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತಂದೆ-ತಾಯಿಯ ಮನೆಯವರೆಂದೇ ಅಲ್ಲಿಯ ಜನಗಣತಿ ಇಲಾಖೆಯ ಲೆಕ್ಕದಲ್ಲಿ ಬರುತ್ತಾರೆ, ಕಾಲೇಜಿನ ಹಾಸ್ಟೆಲಿನಲ್ಲಿದ್ದು ಓದುವವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಹದಿನೆಂಟಕ್ಕೆ ಅವರಿಗೆ ಮತದಾನದ ಹಕ್ಕು ಬರುತ್ತದೆ, ಬಹಳಷ್ಟು ಮಕ್ಕಳು ಅದೇ ವಯಸ್ಸಿಗೆ ದೂರದ ಊರಿನ ಕಾಲೇಜು ಸೇರುತ್ತಾರೆ. ಇದನ್ನು ದೂರದಿಂದ ನೋಡಿದವರಿಗೆ ಹೊರಹಾಕಿದಂತೆ ಕಂಡಿರಬೇಕು. ನಾವು ಹದಿನಾರು ತುಂಬಿದ ಮಕ್ಕಳನ್ನು ಪಿಯುಸಿಗೆಂದು ಧಾರವಾಡಕ್ಕೆ ಕಳಿಸಿ, ರೂಮು ಮಾಡಿಕೊಟ್ಟು, ತಿಂಗಳಿಗೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತೇವೆ. ಅದನ್ನು ಹೊರಹಾಕುವುದು ಎಂದು ಯಾರೂ ಕರೆಯುವುದಿಲ್ಲ.

ಎರಡನೆಯ ಮಾತಿಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಅಲ್ಲಿ 65 ದಾಟಿದವರಲ್ಲಿ ಆರೈಕೆ ಕೇಂದ್ರಗಳಲ್ಲಿ ಇರುವವರು ನೂರಕ್ಕೆ 5ಕ್ಕಿಂತ ಕಡಿಮೆ. ಉಳಿದವರಲ್ಲಿ ಹೆಚ್ಚಿನವರು ತಮ್ಮದೇ ಮನೆಗಳಲ್ಲಿ, ಗಂಡ-ಹೆಂಡತಿ ಇಬ್ಬರೇ ಆಗಿ ಅಥವಾ ಒಬ್ಬರೇ ಆಗಿ ಇರುತ್ತಾರೆ. ಮಕ್ಕಳಿಂದ ಬೇರೆ ಇರುವುದು ನಿಜ, ಆದರೆ ಅದು ಆ ಜನರಿಗೆ ಹುಟ್ಟಿನಿಂದ ಬಂದ ಗುಣವಲ್ಲ. 19ನೆಯ ಶತಮಾನದ ನಡುವಿನವರೆಗೂ ಅಲ್ಲಿಯ ಹಿರಿಯರಲ್ಲಿ ಹೆಚ್ಚಿನವರು ಮಕ್ಕಳ ಜೊತೆಗೇ, ಒಕ್ಕಲುತನದ ಮನೆಗಳಲ್ಲಿಯೇ ಬಾಳುತ್ತಿದ್ದರು. ಮಕ್ಕಳು ಹೊಲ ಬಿಟ್ಟು ಕಾರ್ಖಾನೆಯ ಊರುಗಳನ್ನು ಸೇರಿದ ಮೇಲೆ, ಅದರಲ್ಲಿಯೂ 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ ವೃದ್ಧಾಪ್ಯದ ಪಿಂಚಣಿ ಕಾನೂನಾಗಿ, 1965ರಲ್ಲಿ ಹಿರಿಯರ ಆಸ್ಪತ್ರೆಯ ಖರ್ಚಿಗೆ ಸರ್ಕಾರಿ ವಿಮೆ ಬಂದ ಮೇಲೆ, ಯಾರ ಕೈಯನ್ನೂ ನೋಡದೆ ಸ್ವಂತ ಸೂರಿನಡಿ ಇರುವುದೇ ಮರ್ಯಾದೆಯ ಬಾಳು ಎಂದು ಹಿರಿಯರಿಗೇ ಅನ್ನಿಸತೊಡಗಿತು. ಮಕ್ಕಳ ಮನೆಗೆ ಬಾರದಿರುವವರು ಎಷ್ಟೋ ಸಲ ಆ ತಂದೆ-ತಾಯಿಯೇ.

ಇದನ್ನು ಅರಿಯಲು ಬಾಗಲಕೋಟೆಯವರು ದೂರ ಹೋಗಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಓಣಿಗಳು ಹೋದಾಗ ಒಂದೇ ವಾಡೆಯಲ್ಲಿ ಒಂದೇ ಒಲೆಯ ಮೇಲೆ ಉಂಡಿದ್ದ ಅಣ್ಣ-ತಮ್ಮಂದಿರು ನವನಗರದ ಬೇರೆ ಬೇರೆ ಸೆಕ್ಟರುಗಳಲ್ಲಿ ಮನೆ ಕಟ್ಟಿದ್ದನ್ನು ನೀವೂ ಕಂಡಿರುತ್ತೀರಿ. ಅವರ ನಡುವಿನ ಕರುಳು ಕಡಿದುಹೋಯಿತೆಂದು ನಾವು ತಿಳಿಯಲಿಲ್ಲ.

ನಿಮ್ಮ ಮನೆಯಲ್ಲಿ ನಿಜವಾಗಿ ತೊಡಕಾಗಬಹುದಾದ ಸಂಗತಿ ಬೇರೆಯೇ ಇದೆ, ಅದು ಉಪಚಾರದ ರೀತಿ. ಕೆಲವು ವರ್ಷಗಳ ಹಿಂದೆ ನಾನು ಮಗಳ ಮನೆಗೆಂದು ಆ ದೇಶಕ್ಕೆ ಹೋಗಿದ್ದಾಗ ಪಕ್ಕದ ಮನೆಯ ಹಿರಿಯ ದಂಪತಿ ನಮ್ಮನ್ನು ಕರೆದಿದ್ದರು. ಮನೆಯೊಡತಿ ತಾನೇ ಮಾಡಿದ, ಸೇಬಿನ ಪೈ ಎಂಬ ಸಿಹಿತಿನಿಸನ್ನು ತಂದು, ಒಂದು ತುಂಡು ಹಾಕಲೇ ಎಂದು ಕೇಳಿದರು. ನಮ್ಮ ರೂಢಿಯಂತೆ ನಾನು "ಬೇಡ" ಎಂದೆ. ಮೂರನೆಯ ಸಲ ಕೇಳಿದಾಗ "ನಿಮ್ಮ ಸಂತೋಷಕ್ಕೆ ಒಂದಿಷ್ಟು" ಎನ್ನಬೇಕೆಂದು ಮನಸ್ಸಿನಲ್ಲಿ ಇತ್ತು. ಎರಡನೆಯ ಸಲ ಅವರು ಕೇಳಲೇ ಇಲ್ಲ. ನನ್ನ ಮುಂದಿದ್ದ ಖಾಲಿ ತಟ್ಟೆಯನ್ನು ಮೆಲ್ಲನೆ ಎತ್ತಿ ಪಕ್ಕಕ್ಕಿಟ್ಟು, ಮಾತು ಮುಂದುವರಿಸಿದರು. ಎಂಥ ಬಿಗಿ ಕೈಯವರು ಎಂದುಕೊಂಡು ಮನೆಗೆ ಬಂದೆ. ಬೇಡ ಎಂದವರಿಗೆ ಮತ್ತೆ ಮತ್ತೆ ಹೇಳುವುದನ್ನು ಅವರು ಒತ್ತಾಯವೆಂದೂ, ಅತಿಥಿಯ ಮಾತಿಗೆ ಬೆಲೆ ಕೊಡದ ನಡತೆಯೆಂದೂ ಭಾವಿಸುತ್ತಾರೆಂದು ಮಗಳು ತಿಳಿಸಿ ಹೇಳಿದಳು. ಮುಂದಿನ ವಾರ ಮೊದಲ ಸಲಕ್ಕೇ ಹೂಂ ಎಂದೆ. ಆ ತಾಯಿ ತಟ್ಟೆ ತುಂಬ ಬಡಿಸಿ, ಹೊರಡುವಾಗ ಇನ್ನೊಂದಿಷ್ಟನ್ನು ಕಾಗದದಲ್ಲಿ ಸುತ್ತಿಕೊಟ್ಟರು.

ಆದ್ದರಿಂದ, ಬೀಗರು ಸಾಕು ಎಂದರೆ ಸಾಕೆಂದೇ ತಿಳಿಯಿರಿ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರ ಕೈಮೇಲೆಯೇ ಹೋಳಿಗೆ ಇಡುವ ನಮ್ಮ ಪ್ರೀತಿ ಅವರಿಗೆ ಗಾಬರಿಯಾದೀತು, ಬಡಿಸುವವರಿಗೆ ಮೊದಲೇ ಹೇಳಿಡಿ. ಜೋಳದ ರೊಟ್ಟಿಯನ್ನು ಮಾತ್ರ ತಪ್ಪದೆ ಮಾಡಿ. ಜಗತ್ತಿನಲ್ಲಿಯೇ ಅತಿ ಹೆಚ್ಚು ಜೋಳ ಬೆಳೆಯುವ ದೇಶಗಳಲ್ಲಿ ಅಮೆರಿಕವೂ ಒಂದು, ಆದರೆ ಅಲ್ಲಿ ಅದು ಬಹುಮಟ್ಟಿಗೆ ದನಗಳ ಮೇವಿಗೆ, ಇಂಧನಕ್ಕೆ ಮತ್ತು ರಫ್ತಿಗೆ ಹೋಗುತ್ತದೆ. ಬಿಸಿ ರೊಟ್ಟಿ ಹಂಚಿನ ಮೇಲೆ ಉಬ್ಬುವುದನ್ನು ಅವರು ಕಂಡಿರಲಾರರು.

ಪ್ರಶ್ನೆ: ಒಂದೊಂದು ದೇಶದ ಜನರಿಗೆ ಒಂದೊಂದು ಸ್ವಭಾವ ಇರುತ್ತದೆ ಎನ್ನುತ್ತಾರೆ. ಹೊರಗಿನಿಂದ ಹೋದವರು ಅಮೆರಿಕದವರ ಬಗ್ಗೆ ಬರೆದದ್ದನ್ನು ನಂಬಬಹುದೇ?
ಬಿ.ಎ. ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಕಂಡದ್ದನ್ನು ನಂಬಬಹುದು, ಅದು ಆ ಜನರ ಸ್ವಭಾವವೇ ಎಂದಾಗ ಅನುಮಾನಿಸಬೇಕು. 1842ರಲ್ಲಿ ಇಂಗ್ಲೆಂಡಿನ ಲೇಖಕ ಚಾರ್ಲ್ಸ್ ಡಿಕನ್ಸ್ ಅಮೆರಿಕಕ್ಕೆ ಹೋದಾಗ ಅವರಿಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಅಲ್ಲಿಯವರು ತಂಬಾಕು ಜಗಿದು ಎಲ್ಲೆಂದರಲ್ಲಿ ಉಗುಳುತ್ತಿದ್ದ ರೂಢಿ. ನ್ಯಾಯಾಲಯದಲ್ಲಿ ನ್ಯಾಯಾಧೀಶರಿಗೊಂದು, ಸಾಕ್ಷಿಗೊಂದು, ಆರೋಪಿಗೊಂದು ಪೀಕದಾನಿ ಇದ್ದುದನ್ನು ಅವರು ಬರೆದಿಟ್ಟಿದ್ದಾರೆ. ಉಗುಳುವುದು ಅಮೆರಿಕದವರ ಗುಣವೆಂದು ಅಂದಿನ ಯುರೋಪಿನವರು ತಿಳಿದಿದ್ದರು. ಕ್ಷಯರೋಗಕ್ಕೆ ಒಂದು ರೋಗಾಣು ಕಾರಣವೆಂದು 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ತೋರಿಸಿಕೊಟ್ಟ ಬಳಿಕ, ಉಗುಳಿನಿಂದ ಕ್ಷಯ ಹರಡುವುದೆಂಬ ತಿಳಿವಳಿಕೆ ಬೆಳೆದು, 1896ರಲ್ಲಿ ನ್ಯೂಯಾರ್ಕ್ ನಗರ ಸಾರ್ವಜನಿಕ ಸ್ಥಳಗಳಲ್ಲಿ ಉಗುಳುವುದನ್ನು ನಿಷೇಧಿಸಿತು. ಬೇರೆ ಊರುಗಳೂ ಅದೇ ದಾರಿ ಹಿಡಿದವು. ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರಿಗೂ ಅದನ್ನೇ ಹೇಳಿಕೊಟ್ಟರು. ಎರಡು ತಲೆಮಾರು ಕಳೆಯುವುದರೊಳಗೆ ಆ 'ಗುಣ' ಇಲ್ಲವಾಯಿತು. ಇಂದು ನಮ್ಮ ಬಸ್ ನಿಲ್ದಾಣಗಳ ಗೋಡೆಯ ಮೂಲೆಗಳನ್ನು ನೋಡಿದ ಅಮೆರಿಕದ ಪ್ರವಾಸಿ ಡಿಕನ್ಸ್ ಬರೆದ ಮಾತನ್ನೇ ನಮ್ಮ ಬಗ್ಗೆ ಬರೆಯಬಹುದು, ಮತ್ತು ಅವನು ಕಂಡದ್ದೂ ಸುಳ್ಳಲ್ಲ.

ನಿಮ್ಮ ಊರಿಗೇ ಸೇರಿದ ಇನ್ನೊಂದು ಸಂಗತಿ ಇದೆ. ಸ್ವಾಮಿ ವಿವೇಕಾನಂದರು 1892ರ ಅಕ್ಟೋಬರಿನಲ್ಲಿ ಬೆಳಗಾವಿಗೆ ಬಂದು, ಕೋಟೆಯಲ್ಲಿದ್ದ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದಿದ್ದರು, ಅಮೆರಿಕಕ್ಕೆ ಹೋಗುವ ವಿಚಾರವನ್ನು ಅವರ ಬಳಿ ಹೇಳಿದ್ದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಶಿಕಾಗೋ ತಲುಪಿದಾಗ ಅವರ ಬಳಿಯಿದ್ದ ವಿಳಾಸ ಕಳೆದುಹೋಗಿತ್ತು. ರಾತ್ರಿಯನ್ನು ರೈಲ್ವೆ ಯಾರ್ಡಿನಲ್ಲಿ ಕಳೆದು, ಬೆಳಗಾದ ಮೇಲೆ ಹಸಿದು, ಸಿರಿವಂತರ ಬೀದಿಯಲ್ಲಿ ಮನೆಮನೆಯ ಬಾಗಿಲು ತಟ್ಟಿದರು. ಕೊಳೆಯಾದ ಬಟ್ಟೆಯ ಪರದೇಶಿಯನ್ನು ಕಂಡು ಬಾಗಿಲು ಹಾಕಿಕೊಂಡವರೇ ಹೆಚ್ಚು. ದಣಿದು ರಸ್ತೆಯ ಅಂಚಿನಲ್ಲಿ ಕುಳಿತಾಗ ಎದುರು ಮನೆಯಿಂದ ಹೇಲ್ ಎಂಬ ಮನೆತನದ ತಾಯಿಯೊಬ್ಬರು ಇಳಿದುಬಂದು, ನೀವು ಸರ್ವಧರ್ಮ ಸಮ್ಮೇಳನಕ್ಕೆ ಬಂದ ಪ್ರತಿನಿಧಿಯೇ ಎಂದು ಕೇಳಿ, ಒಳಗೆ ಕರೆದೊಯ್ದು ಉಣಬಡಿಸಿದರು. ಬಾಗಿಲು ಮುಚ್ಚಿದವರೂ ಅಮೆರಿಕದವರೇ, ಆ ತಾಯಿಯೂ ಅಮೆರಿಕದವರೇ. ಕೋಟೆಯ ಆ ಮನೆ ಇಂದು ರಾಮಕೃಷ್ಣ ಆಶ್ರಮದ ಸ್ಮಾರಕವಾಗಿದೆ. ಒಮ್ಮೆ ಹೋಗಿ ನೋಡಿ ಬನ್ನಿ, ಮಗಳೇ.

ಪ್ರಶ್ನೆ: ಅಮೆರಿಕದ ಪ್ರವಾಸಿಗರು ಪರಿಚಯವಿಲ್ಲದಿದ್ದರೂ ನಕ್ಕು "ಹೌ ಆರ್ ಯು" ಎನ್ನುತ್ತಾರೆ, ಉತ್ತರ ಕೇಳಲು ನಿಲ್ಲುವುದಿಲ್ಲ. ಟಿಪ್ಸ್ ಮಾತ್ರ ಧಾರಾಳ. ನಗು ಸುಳ್ಳೇ? ಎಲ್ಲರೂ ಸಿರಿವಂತರೇ?
ಗೈಡ್, ಬಾದಾಮಿ

ಉತ್ತರ: ಓಣಿಯಲ್ಲಿ ಎದುರಾದವರಿಗೆ ನಾವು "ಊಟ ಆತ್ರಿ?" ಎಂದು ಕೇಳಿ ಹಾಗೆಯೇ ಮುಂದೆ ನಡೆಯುತ್ತೇವಲ್ಲ, ಅದೂ ಇದೂ ಒಂದೇ. ನಗುವಿನ ಕುರಿತು ನನಗೆ ಒಪ್ಪಿಗೆಯಾದ ವಿವರಣೆಯೆಂದರೆ, ಹತ್ತಾರು ದೇಶಗಳಿಂದ, ಬೇರೆ ಬೇರೆ ಭಾಷೆಗಳೊಡನೆ ವಲಸೆ ಬಂದವರು ಒಂದೇ ಊರಿನಲ್ಲಿ ಬಾಳಬೇಕಾದಾಗ, ನಿನ್ನ ಮೇಲೆ ನನಗೆ ಹಗೆಯಿಲ್ಲ ಎಂದು ತಿಳಿಸಲು ಮುಖವೊಂದೇ ದಾರಿಯಾಗಿತ್ತು ಎಂಬುದು.

ಟಿಪ್ಸಿನ ಕಾರಣ ಬೇರೆ. ಅಲ್ಲಿ ಹೋಟೆಲಿನಲ್ಲಿ ಬಡಿಸುವವರಿಗೆ ಮಾಲೀಕರು ನೇರವಾಗಿ ಕೊಡಲೇಬೇಕಾದ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, 1991ರಿಂದ ಗಂಟೆಗೆ 2.13 ಡಾಲರಿನಲ್ಲಿಯೇ ನಿಂತಿದೆ. ಹಲವು ರಾಜ್ಯಗಳು ಅದನ್ನು ಏರಿಸಿವೆಯಾದರೂ, ಬಡಿಸುವವರ ಜೀವನ ಬಹುಮಟ್ಟಿಗೆ ಗಿರಾಕಿ ಕೊಡುವ ಹಣದ ಮೇಲೆಯೇ ನಡೆಯುತ್ತದೆ. ಬಿಲ್ಲಿನ ಶೇಕಡಾ 15ರಿಂದ 20ರಷ್ಟನ್ನು ಬಿಟ್ಟು ಏಳದಿದ್ದರೆ ಅಲ್ಲಿ ಅವಮಾನವೆಂದೇ ಎಣಿಸುತ್ತಾರೆ. ನಿಮಗೆ ಕೊಡುವವರಲ್ಲಿ ನಿವೃತ್ತ ಶಿಕ್ಷಕರೂ, ಹಲವು ವರ್ಷ ಹಣ ಕೂಡಿಟ್ಟು ಬಂದವರೂ ಇರುತ್ತಾರೆ. ಶುಲ್ಕ ಎಷ್ಟೆಂದು ಗುಹೆಗಳ ಮೆಟ್ಟಿಲು ಹತ್ತುವ ಮೊದಲೇ ಹೇಳಿಬಿಡಿ, ಅವರಿಗೆ ಅದೇ ಹಿತ.

ಪ್ರಶ್ನೆ: 1960ರ ದಶಕದಲ್ಲಿ ಪ್ರಾಥಮಿಕ ಶಾಲೆಯಲ್ಲಿ ನಮಗೆ ಅಮೆರಿಕದ ಹಳದಿ ಉಪ್ಪಿಟ್ಟು, ಪುಡಿ ಹಾಲು ಕೊಡುತ್ತಿದ್ದರು. ಕೈ-ಕೈ ಕುಲುಕುವ ಚಿತ್ರವಿದ್ದ ಅದರ ಚೀಲವನ್ನು ನಮ್ಮವ್ವ ಪಾಟಿಚೀಲವಾಗಿ ಹೊಲಿದುಕೊಟ್ಟಿದ್ದಳು, ಇನ್ನೂ ನನ್ನ ಬಳಿ ಇದೆ. ಅವರು ಉದಾರಿಗಳೆಂದು ನಾನು, ಸ್ವಾರ್ಥಿಗಳೆಂದು ನನ್ನ ಗೆಳೆಯರು. ಯಾರ ಮಾತು ಸರಿ?
ನಿವೃತ್ತ ಮಾಸ್ತರರು, ವಿಜಯಪುರ

ಉತ್ತರ: ಮಾಸ್ತರರೇ, ಸರ್ಕಾರದ ಲೆಕ್ಕವನ್ನೂ ಜನರ ಮನಸ್ಸನ್ನೂ ಬೇರೆ ಬೇರೆಯಾಗಿ ನೋಡೋಣ. ಪಿ.ಎಲ್. 480 ಎಂದು ಹೆಸರಾದ 1954ರ ಕಾನೂನು ಅಲ್ಲಿಯ ರೈತರು ಬೆಳೆದು ಮಿಕ್ಕಿದ ಧಾನ್ಯವನ್ನು ಸಾಗಹಾಕುವುದಕ್ಕೂ, ಬೇರೆ ದೇಶಗಳ ಸ್ನೇಹ ಗಳಿಸುವುದಕ್ಕೂ ಹುಟ್ಟಿದ್ದು. ಬರದಿಂದ ನಾವು ತತ್ತರಿಸುತ್ತಿದ್ದ 1965-67ರ ಅವಧಿಯಲ್ಲಿ ಅಧ್ಯಕ್ಷ ಜಾನ್ಸನ್ ಧಾನ್ಯದ ಹಡಗುಗಳನ್ನು ಒಮ್ಮೆಗೇ ಬಿಡದೆ, ನಮ್ಮ ಕೃಷಿ ನೀತಿ ಬದಲಾಗಲೆಂದು ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದೂ ಅವರಿಗೆ ಹಿಡಿಸಿರಲಿಲ್ಲ. ಹಸಿದವರನ್ನು ಕಾಯಿಸಿದ ಆ ನೀತಿಯನ್ನು ನಾನು ಉದಾರತೆ ಎನ್ನಲಾರೆ, ನಿಮ್ಮ ಗೆಳೆಯರ ಸಿಟ್ಟಿಗೆ ಆಧಾರವಿದೆ.

ಆದರೆ ನಮ್ಮ ಶಾಲೆಗಳಿಗೆ ಉಪ್ಪಿಟ್ಟಿನ ಸಾಮಗ್ರಿ, ಹಾಲಿನ ಪುಡಿ ತಲುಪಿಸಿದ 'ಕೇರ್' ಸಂಸ್ಥೆ ಹುಟ್ಟಿದ್ದು 1945ರಲ್ಲಿ, ಯುದ್ಧದಿಂದ ನೊಂದ ಯುರೋಪಿನವರಿಗೆ ಆಹಾರದ ಪೊಟ್ಟಣ ಕಳಿಸಲೆಂದು. ಅಲ್ಲಿಯ ಸಾಮಾನ್ಯ ಜನ ಪೊಟ್ಟಣಕ್ಕೆ 10 ಡಾಲರಿನಂತೆ ತಮ್ಮ ಕೈಯಿಂದ ಕೊಟ್ಟರು, ಎಷ್ಟೋ ಸಲ ಮುಖ ಕಾಣದವರಿಗಾಗಿ. ಇಂದಿಗೂ ವಿದೇಶಿ ನೆರವಿಗೆ ತಮ್ಮ ಸರ್ಕಾರದ ಬಜೆಟ್ಟಿನ ಎಷ್ಟು ಪಾಲು ಹೋಗುತ್ತದೆ ಎಂದು ಸಮೀಕ್ಷೆಗಳಲ್ಲಿ ಕೇಳಿದರೆ, ಅಮೆರಿಕದ ಜನ ಸರಾಸರಿ ಕಾಲುಭಾಗದಷ್ಟು ಎನ್ನುತ್ತಾರೆ. ನಿಜವಾಗಿ ಹೋಗುತ್ತ ಬಂದಿರುವುದು ಶೇಕಡಾ 1ರ ಆಸುಪಾಸು. ತಾವು ಬಹಳ ಕೊಡುತ್ತಿದ್ದೇವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದಾರೆ.

ಚೀಲದ ಮೇಲಿನ ಕೈಗಳು ಅಮೆರಿಕ ಸರ್ಕಾರದ ನೆರವಿನ ಗುರುತು. ನಿಮ್ಮವ್ವ ಹೊಲಿದ ಆ ಪಾಟಿಚೀಲದ ಭಾವಚಿತ್ರವೊಂದನ್ನು ನಮಗೆ ಕಳಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.